ಈ ಗುರುತು ಯಾರು ಹಾಕಿದ್ದು?

ಚಿಕ್ಕಮಗಳೂರಿನಲ್ಲಿ ಚೆನ್ನಾಗಿ ಓಡುತ್ತಿದ್ದ ಗಾಡಿ ಮಂಗಳೂರಿಗೆ ಇಳಿದ ಕೂಡಲೇ ನಾಕಿಂಗ್ ಶುರು ಮಾಡಿತು, ಅಂದರೆ ಸಿಲಿಂಡರಿನೊಳಗೆ ಪೆಟ್ರೋಲ್ ನಯವಾಗಿ ಉರಿಯುವ ಬದಲು ಸಿಡಿಯತೊಡಗಿತು. ಮೂರನೇ ಗೇರಿನಲ್ಲಿ ಆಕ್ಸಿಲರೇಟರ್ ಪೂರ್ತಿ ಒತ್ತಿದರೆ, ಬಾನೆಟ್ ಒಳಗೆ ಮೊಳೆ ತುಂಬಿದ ಡಬ್ಬಿ ಅಲ್ಲಾಡಿಸಿದ ಹಾಗೆ ಸದ್ದು. ತಕ್ಷಣ ನಿಲ್ಲಿಸಿ ಪ್ಲಗ್ ಬಿಚ್ಚಿದೆ. ಮೂರನೇ ಪ್ಲಗ್ಗಿನ ಬಿಳಿ ಪಿಂಗಾಣಿ ಮೇಲೆ ಮೆಣಸಿನ ಪುಡಿ ಉದುರಿಸಿದ ಹಾಗೆ ಸಣ್ಣ ಸಣ್ಣ ಚುಕ್ಕಿ. ಅದರಲ್ಲಿ ಕೆಲವು ಹೊಳೆಯುತ್ತಿದ್ದವು. ಹೊಳೆಯುವ ಚುಕ್ಕಿ ಅಂದರೆ ಪಿಸ್ಟನ್‌ನ ಅಲ್ಯೂಮಿನಿಯಂ. ನನ್ನ ಹೊಟ್ಟೆ ತೊಳಸಿದಂತಾಯಿತು. ಆ ಎಂಜಿನ್ ಕಟ್ಟಿದ್ದು ನಾನೇ.

ಅದು ಹಳೆಯ ಜಿಪ್ಸಿ. ಒಳಗೆ ಬಲೆನೊ 1.6ರ ಎಂಜಿನ್, ಅಂದರೆ ಸುಜುಕಿಯ ಜಿ16ಬಿ. 1590 ಸಿಸಿ, 16 ವಾಲ್ವ್. ರ‍್ಯಾಲಿ ಓಡಿಸುವವರಿಗೆ ಈ ಜೋಡಿ ಹೊಸದೇನಲ್ಲ. ಪ್ಲಗ್ಗುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್ ತೆಗೆದು, ನಾವು ಪ್ಲಗ್ಗಿಗೆ ನೇರವಾಗಿ ಕಿಡಿ ಕೊಡುವ ಕಾಯಿಲ್ ಪ್ಯಾಕ್ ಹಾಕಿದ್ದೆವು. ಎಂಜಿನ್ ಮುಂಭಾಗದಲ್ಲಿ ಕ್ರ್ಯಾಂಕಿನ ಜೊತೆ ತಿರುಗುವ ಪುಲ್ಲಿಗೆ 36 ಹಲ್ಲಿನ ಚಕ್ರ, ಅದರಲ್ಲಿ ಒಂದು ಹಲ್ಲು ಖಾಲಿ. ಇಸಿಯು, ಅಂದರೆ ಎಂಜಿನ್ ನಡೆಸುವ ಕಂಪ್ಯೂಟರ್, ಲ್ಯಾಪ್‌ಟಾಪ್ ಹಚ್ಚಿ ಟ್ಯೂನ್ ಮಾಡುವಂಥದ್ದು. ಮಣ್ಣಿನ ಟ್ರ್ಯಾಕಿನಲ್ಲಿ ಓಡಿಸಲು ಕಟ್ಟಿದ ಗಾಡಿ, ರಸ್ತೆಗೆ ಇಳಿಸುವುದಕ್ಕಲ್ಲ. ಘಾಟಿಯನ್ನೂ ಲಾರಿ ಮೇಲೆ ಕೂತೇ ಇಳಿದಿತ್ತು.

ಎಲ್ಲರೂ ಪೆಟ್ರೋಲನ್ನು ಬೈದರು. ನಾನೂ ಬೈದೆ. ಊರಿನಲ್ಲಿ ಇಲ್ಲದ ತೊಂದರೆ ಇಲ್ಲಿ ಬಂದಿದೆ, ಬದಲಾಗಿದ್ದು ಬಂಕ್ ಒಂದೇ, ಅಲ್ವಾ? ಆದರೆ ಇನ್ನೊಂದೂ ಬದಲಾಗಿತ್ತು. ಚಿಕ್ಕಮಗಳೂರು ಸಮುದ್ರ ಮಟ್ಟದಿಂದ ಸಾವಿರ ಮೀಟರಿಗಿಂತ ಮೇಲಿದೆ. ಅಲ್ಲಿ ಗಾಳಿ ತೆಳು. ಎಷ್ಟು ಒತ್ತಿದರೂ ಲ್ಯಾಪ್‌ಟಾಪ್ ತೆರೆ ಮೇಲೆ ಗಾಳಿಯ ಒತ್ತಡ 90 ಕಿಲೋಪಾಸ್ಕಲ್ ಆಸುಪಾಸಿಗೇ ನಿಲ್ಲುತ್ತದೆ. ಮಂಗಳೂರಿನಲ್ಲಿ ಅದು 100 ಮುಟ್ಟುತ್ತದೆ. ಸಿಲಿಂಡರಿಗೆ ಜಾಸ್ತಿ ಗಾಳಿ, ಜಾಸ್ತಿ ಒತ್ತಡ, ಜೊತೆಗೆ ಕರಾವಳಿಯ ಸೆಕೆ. ನಾಕಿಂಗ್‌ಗೆ ಬೇಕಾದ್ದೆಲ್ಲ ಅಲ್ಲಿ ಸಿಕ್ಕಿತ್ತು. ನಮ್ಮೂರಿನಲ್ಲಿ ಟ್ಯೂನ್ ಮಾಡುವಾಗ ಟೈಮಿಂಗ್ ಮ್ಯಾಪಿನ (ಯಾವ ಒತ್ತಡಕ್ಕೆ ಕಿಡಿ ಯಾವಾಗ ಬೀಳಬೇಕು ಎಂಬ ಇಸಿಯುನ ಕೋಷ್ಟಕದ) 100ರ ಸಾಲನ್ನು ಎಂಜಿನ್ ಒಮ್ಮೆಯೂ ಮುಟ್ಟಿರಲಿಲ್ಲ. ಅಲ್ಲಿ ನಾನು ಅಂದಾಜಿನಲ್ಲಿ 28 ಡಿಗ್ರಿ ತುಂಬಿದ್ದೆ, ಅಂದರೆ ಪಿಸ್ಟನ್ ತುತ್ತತುದಿ ಮುಟ್ಟಲು ಕ್ರ್ಯಾಂಕ್ ಇನ್ನೂ 28 ಡಿಗ್ರಿ ತಿರುಗಬೇಕಿರುವಾಗಲೇ ಕಿಡಿ. ಡಿಗ್ರಿ ಹೆಚ್ಚಿದಷ್ಟೂ ಕಿಡಿ ಬೇಗ, ನಾಕಿಂಗ್ ಭಯವೂ ಜಾಸ್ತಿ.

ಟ್ರ್ಯಾಕ್ ಪಕ್ಕದಲ್ಲೇ ಕೂತು ಆ ಸಾಲನ್ನು 28ರಿಂದ 22ಕ್ಕೆ ಇಳಿಸಿದೆ. ಸದ್ದು ನಿಂತಿತು. ಅವತ್ತಿನ ಓಟ ಮುಗಿಯಿತು. ಸಮಸ್ಯೆ ಮುಗಿಯಿತು ಅಂದುಕೊಂಡು ಊರಿಗೆ ಬಂದೆ.

ಒಂದು ಮಾತ್ರ ಉಳಿದಿತ್ತು. ಎಂಜಿನ್ ಬಿಸಿಯಿದ್ದಾಗ ಸ್ಟಾರ್ಟ್ ಮಾಡಿದರೆ ಸ್ಟಾರ್ಟರ್ ಒದೆಯುತ್ತಿತ್ತು. ಒಂದು ಸುತ್ತು ತಿರುಗಿ, ಗಕ್ ಎಂದು ನಿಂತು, ಮತ್ತೆ ತಿರುಗುತ್ತಿತ್ತು. ಬ್ಯಾಟರಿ ಬದಲಿಸಿದೆ. ಅರ್ತ್ ವಯರ್ ದಪ್ಪದ್ದು ಹಾಕಿದೆ. ಸ್ಟಾರ್ಟರ್ ಬಿಚ್ಚಿಸಿ ರಿಪೇರಿ ಮಾಡಿಸಿದೆ. ಏನೂ ಬದಲಾಗಲಿಲ್ಲ.

ನಮ್ಮ ಗ್ಯಾರೇಜಿಗೆ ಆಗಾಗ ಒಬ್ಬರು ಹಳೆಯ ಮೇಸ್ತ್ರಿ ಬರುತ್ತಾರೆ. ಅಂಬಾಸಿಡರ್, ಪದ್ಮಿನಿ ಕಾಲದವರು. ಲ್ಯಾಪ್‌ಟಾಪ್ ಮುಟ್ಟುವುದಿಲ್ಲ. ಆ ದಿನ ಸುಮ್ನೆ ಸ್ಟೂಲ್ ಮೇಲೆ ಕೂತು ಸ್ಟಾರ್ಟರ್ ಸದ್ದು ಕೇಳಿದರು.

"ಟೈಮಿಂಗ್ ಮುಂದಿದೆ ಮಗಾ."

"ಇಲ್ಲ ಅಣ್ಣ, ಸ್ಟಾರ್ಟ್ ಆಗುವಾಗ ಹತ್ತೇ ಡಿಗ್ರಿ. ಟೈಮಿಂಗ್ ಲೈಟ್ ಹಿಡಿದು ನೋಡಿದ್ದೇನೆ, ಗುರುತಿಗೆ ಸರಿಯಾಗಿ ಕೂತಿದೆ."

ಟೈಮಿಂಗ್ ಲೈಟ್ ಅಂದರೆ ಕಿಡಿ ಬಿದ್ದಾಗಲೆಲ್ಲ ಮಿಂಚಿ, ಪುಲ್ಲಿಯ ಗುರುತು ಆ ಕ್ಷಣ ಎಲ್ಲಿದೆ ಎಂದು ತೋರಿಸುವ ದೀಪ. ಮೇಸ್ತ್ರಿ ಎದ್ದು ಬಂದು ಪುಲ್ಲಿ ನೋಡಿದರು. "ಈ ಗುರುತು ಯಾರು ಹಾಕಿದ್ದು?"

ನಾನೇ ಹಾಕಿದ್ದು. ಕಂಪನಿಯ ಪುಲ್ಲಿಗೆ ಹಲ್ಲಿನ ಚಕ್ರ ಸರಿಯಾಗಿ ಕೂರುತ್ತಿರಲಿಲ್ಲ. ಹಾಗಾಗಿ 150 ಮಿಲಿಮೀಟರಿನ ಹೊಸ ಪುಲ್ಲಿಯನ್ನು ಲೇತಿನಲ್ಲಿ ಮಾಡಿಸಿದ್ದೆ. ಪಾಯಿಂಟರ್ ಕೂಡ ತಗಡು ಕತ್ತರಿಸಿ ಮಾಡಿದ್ದು. ಮೊದಲನೇ ಸಿಲಿಂಡರಿನ ಪ್ಲಗ್ ತೂತಿಗೆ ಉದ್ದ ಸ್ಕ್ರೂಡ್ರೈವರ್ ಇಳಿಬಿಟ್ಟು, ಅದು ಮೇಲೆ ಬಂದು ನಿಂತಾಗ ಟಿಡಿಸಿ (ಪಿಸ್ಟನ್ ತುತ್ತತುದಿ ಮುಟ್ಟುವ ಬಿಂದು) ಎಂದು ಉಳಿಯಿಂದ ಗೀರು ಹಾಕಿದ್ದೆ. ಗೊತ್ತಿಲ್ಲದೆ ಮಾಡಿದ್ದಲ್ಲ. ಅವಸರ ಇತ್ತು, ಇಷ್ಟು ಸಾಕು ಅಂದುಕೊಂಡೆ.

ಸಾಲುವುದಿಲ್ಲ. ಯಾಕೆ ಅಂತ ಆಮೇಲೆ ಲೆಕ್ಕ ಹಾಕಿ ನೋಡಿದೆ. ಈ ಎಂಜಿನ್ನಿನ ಸ್ಟ್ರೋಕ್, ಅಂದರೆ ಪಿಸ್ಟನ್ ಮೇಲೆ ಕೆಳಗೆ ಓಡುವ ದೂರ, 90 ಮಿಲಿಮೀಟರ್. ಪಿಸ್ಟನ್ ತುದಿ ಮುಟ್ಟುವ ಹೊತ್ತಿಗೆ ಕ್ರ್ಯಾಂಕ್ ತಿರುಗುತ್ತಲೇ ಇರುತ್ತದೆ, ಪಿಸ್ಟನ್ ಮಾತ್ರ ಹೆಚ್ಚುಕಡಿಮೆ ನಿಂತಲ್ಲೇ ನಿಂತಿರುತ್ತದೆ. ಟಿಡಿಸಿಯಿಂದ 8 ಡಿಗ್ರಿ ಆಚೀಚೆ ಇದ್ದರೂ ಅದು ಇಳಿದಿರುವುದು ಅರ್ಧ ಮಿಲಿಮೀಟರಿಗಿಂತ ಸ್ವಲ್ಪ ಜಾಸ್ತಿ ಅಷ್ಟೇ. ಓರೆಯಾಗಿ ನಿಂತ ಸ್ಕ್ರೂಡ್ರೈವರಿನಲ್ಲಿ ಅರ್ಧ ಮಿಲಿಮೀಟರ್ ಯಾರ ಕಣ್ಣಿಗೆ ಕಾಣುತ್ತದೆ?

ಮೇಸ್ತ್ರಿ ಒಂದು ಹಳೆಯ ಪ್ಲಗ್ ಕೇಳಿದರು. ಪಿಂಗಾಣಿ ಒಡೆದು ತೆಗೆದು, ಖಾಲಿ ಚಿಪ್ಪಿಗೆ ಒಂದು ಬೋಲ್ಟ್ ವೆಲ್ಡ್ ಮಾಡಿಸಿದರು. ಬೋಲ್ಟಿನ ತುದಿಯನ್ನು ಅರದಿಂದ ಉಜ್ಜಿ ದುಂಡಗೆ ಮಾಡಿದರು. ಇದೇ ಪಿಸ್ಟನ್ ಸ್ಟಾಪ್. ಬ್ಯಾಟರಿ ವಯರ್ ಬಿಚ್ಚಿಟ್ಟೆವು, ಯಾಕೆಂದರೆ ಇದು ಒಳಗಿರುವಾಗ ಯಾರಾದರೂ ಮರೆತು ಸ್ಟಾರ್ಟರ್ ಒತ್ತಿದರೆ ಪಿಸ್ಟನ್ ತೂತಾಗುತ್ತದೆ. ನಾಲ್ಕೂ ಪ್ಲಗ್ ಬಿಚ್ಚಿ, ಪಿಸ್ಟನ್ ಕೆಳಗಿರುವಾಗ ಮೊದಲನೇ ತೂತಿಗೆ ಸ್ಟಾಪ್ ತಿರುಗಿಸಿದೆವು. ಸ್ಪಾನರ್ ಹಾಕಿ ಕೈಯಿಂದ ಮೆಲ್ಲಗೆ ತಿರುಗಿಸುತ್ತಾ ಹೋದರೆ ಪಿಸ್ಟನ್ ಮೇಲೆ ಬಂದು ಬೋಲ್ಟಿಗೆ ತಾಗಿ ನಿಲ್ಲುತ್ತದೆ. ಪಾಯಿಂಟರ್ ಎದುರಿಗೆ ಪುಲ್ಲಿ ಮೇಲೆ ಒಂದು ಗುರುತು. ಈಗ ಉಲ್ಟಾ ತಿರುಗಿಸಬೇಕು. ಪಿಸ್ಟನ್ ಕೆಳಗೆ ಹೋಗಿ ಇನ್ನೊಂದು ಕಡೆಯಿಂದ ಬಂದು ತಾಗುತ್ತದೆ. ಇನ್ನೊಂದು ಗುರುತು. ಎರಡರ ನಟ್ಟನಡುವೆ ಬರುವುದೇ ನಿಜವಾದ ಟಿಡಿಸಿ. ಹೀಗೆ ಮಾಡುವಾಗ ಪಿಸ್ಟನ್ ಜೋರಾಗಿ ಚಲಿಸುವ ಜಾಗದಲ್ಲಿ ಅಳೆಯುತ್ತೇವೆ, ನಿಂತಂತೆ ಕಾಣುವ ಜಾಗದಲ್ಲಿ ಅಲ್ಲ. ತಪ್ಪು ನುಸುಳಲು ಜಾಗವೇ ಇಲ್ಲ. ಇಷ್ಟು ಸರಳವಾದ ಕೆಲಸ ನನಗೆ ಇವತ್ತಿಗೂ ತುಂಬಾ ಇಷ್ಟ.

ಪೇಪರ್ ಟೇಪ್ ಸುತ್ತಿ ಅಳೆದೆವು. 150 ಮಿಲಿಮೀಟರ್ ಪುಲ್ಲಿಯ ಸುತ್ತಳತೆ 471 ಮಿಲಿಮೀಟರ್, ಅಂದರೆ ಒಂದು ಡಿಗ್ರಿಗೆ 1.3. ನನ್ನ ಗೀರು ಮತ್ತು ಹೊಸ ಗುರುತಿನ ನಡುವೆ 9 ಮಿಲಿಮೀಟರ್. ಸುಮಾರು 7 ಡಿಗ್ರಿ. ನನ್ನ ಗೀರು ಪಾಯಿಂಟರಿಗೆ ಬಂದಾಗ ಪಿಸ್ಟನ್ ಮೇಲೆ ಮುಟ್ಟಲು ಇನ್ನೂ 7 ಡಿಗ್ರಿ ಬಾಕಿ ಇತ್ತು.

ಒಂದೇ ಸಲಕ್ಕೆ ಎಲ್ಲ ಅರ್ಥವಾಯಿತು. ಸ್ಟಾರ್ಟ್ ಮಾಡುವಾಗ ತೆರೆ ಮೇಲೆ 10, ನಿಜದಲ್ಲಿ 17. ನಿಧಾನ ತಿರುಗುವಾಗ ಅಷ್ಟು ಮೊದಲೇ ಕಿಡಿ ಬಿದ್ದರೆ ಪಿಸ್ಟನ್ ಮೇಲೆ ಬರುವ ಮುಂಚೆಯೇ ಬೆಂಕಿ ಅದನ್ನು ಕೆಳಗೆ ತಳ್ಳುತ್ತದೆ, ಸ್ಟಾರ್ಟರ್ ಒದೆ ತಿನ್ನುತ್ತದೆ. ಮಂಗಳೂರಿನಲ್ಲಿ ತೆರೆ ಮೇಲೆ 28 ಇದ್ದದ್ದು ನಿಜದಲ್ಲಿ 35. ನಾನು ಇಳಿಸಿದ 22 ಕೂಡ 29 ಆಗಿತ್ತು. ಅಲ್ಲಿ ಸದ್ದು ನಿಂತಿತ್ತು ನಿಜ, ಆದರೆ ಮ್ಯಾಪಿನ ಉಳಿದ ಎಲ್ಲ ಸಾಲುಗಳೂ 7 ಡಿಗ್ರಿ ಸುಳ್ಳು ಹೇಳುತ್ತಲೇ ಇದ್ದವು.

ಕಾರ್ಬುರೇಟರ್ ಗಾಡಿಯಲ್ಲಿ ಡಿಸ್ಟ್ರಿಬ್ಯೂಟರ್ ಹಿಡಿದು ತಿರುಗಿಸಿದರೆ ಎಂಜಿನ್ ಸದ್ದು ಬದಲಾಗುತ್ತದೆ, ಕಿವಿಗೆ ಉತ್ತರ ಸಿಗುತ್ತದೆ. ಇಲ್ಲಿ ತಿರುಗಿಸಲು ಏನೂ ಇಲ್ಲ. ಪಿಸ್ಟನ್ ಎಲ್ಲಿದೆ ಎಂದು ಇಸಿಯುಗೆ ತಾನಾಗಿ ಗೊತ್ತಾಗುವುದಿಲ್ಲ. ಅದಕ್ಕೆ ಕಾಣುವುದು ಖಾಲಿ ಹಲ್ಲು ಮಾತ್ರ. ಆ ಖಾಲಿ ಹಲ್ಲಿನಿಂದ ಟಿಡಿಸಿ ಎಷ್ಟು ದೂರ ಎಂದು ನಾವು ಹೇಳಿಕೊಡಬೇಕು. ಅದೊಂದು ತಪ್ಪಿದರೆ ಮುಂದಿನ ನೂರಾರು ಅಂಕಿಗಳೂ ತಪ್ಪು.

ಹೊಸ ಗುರುತಿಗೆ ಬಿಳಿ ಪೇಂಟ್ ಹಚ್ಚಿ, 10, 20, 30 ಡಿಗ್ರಿಗಳ ಗೆರೆಯನ್ನೂ ಅಳೆದು ಎಳೆದೆವು. ಆಮೇಲೆ ಇಸಿಯುನಲ್ಲಿ ಟೈಮಿಂಗನ್ನು 10ಕ್ಕೆ ಲಾಕ್ ಮಾಡಿದೆ. ಲಾಕ್ ಮಾಡದೆ ಲೈಟ್ ಹಿಡಿಯಬಾರದು. ಐಡಲ್ ಹಿಡಿದಿಡಲು ಇಸಿಯು ಕಿಡಿಯನ್ನು ಹಿಂದೆ ಮುಂದೆ ಮಾಡುತ್ತಿದ್ದರೆ ಓಡುವ ಗುರಿಯನ್ನು ಅಳೆದಂತಾಗುತ್ತದೆ. ಡಿಸ್ಟ್ರಿಬ್ಯೂಟರ್ ಇರುವ ಎಷ್ಟೋ ಇಂಜೆಕ್ಷನ್ ಗಾಡಿಗಳಲ್ಲೂ ಇದಕ್ಕೆಂದೇ ಒಂದು ಟೆಸ್ಟ್ ಟರ್ಮಿನಲ್ ಇರುತ್ತದೆ. ಅದನ್ನು ಜೋಡಿಸದೆ ಡಿಸ್ಟ್ರಿಬ್ಯೂಟರ್ ತಿರುಗಿಸುವುದನ್ನು ನೋಡಿದರೆ ನನಗೆ ಈಗ ಸಂಕಟವಾಗುತ್ತದೆ.

ಲೈಟಿನ ಬಗ್ಗೆಯೂ ಒಂದು ಮಾತು. ನಮ್ಮ ಕಾಯಿಲ್ ಪ್ಯಾಕ್ ಎರಡು ಸಿಲಿಂಡರಿಗೆ ಒಟ್ಟಿಗೆ ಕಿಡಿ ಕೊಡುತ್ತದೆ. ಹಾಗಾಗಿ ಒಂದೊಂದು ಪ್ಲಗ್ಗಿಗೂ ಪ್ರತಿ ಸುತ್ತಿನಲ್ಲೂ ಕಿಡಿ ಬೀಳುತ್ತದೆ. ಡಿಗ್ರಿ ಡಯಲ್ ಇರುವ ಲೈಟುಗಳು ಎರಡು ಸುತ್ತಿಗೆ ಒಂದು ಕಿಡಿ ಎಂದು ಲೆಕ್ಕ ಹಾಕುವುದರಿಂದ, 10 ಇದ್ದದ್ದನ್ನು 20 ಎಂದು ತೋರಿಸುತ್ತವೆ. ಡಯಲನ್ನು ಸೊನ್ನೆಗೆ ಇಟ್ಟು ಪುಲ್ಲಿ ಮೇಲಿನ ಗೆರೆಯನ್ನೇ ಓದಿದರೆ ಈ ಗೊಂದಲವಿಲ್ಲ.

10ರ ಗೆರೆ ಪಾಯಿಂಟರಿಗೆ ಬರುವ ತನಕ ಟ್ರಿಗರ್ ಆ್ಯಂಗಲ್, ಅಂದರೆ ಖಾಲಿ ಹಲ್ಲಿನಿಂದ ಟಿಡಿಸಿಗೆ ಇರುವ ಆ ದೂರವನ್ನು, ಬದಲಿಸಿದೆ. ಐಡಲಿನಲ್ಲಿ ಕೂತಿತು. ಮೇಸ್ತ್ರಿ ಬಿಡಲಿಲ್ಲ. "ರೇಸ್ ಕೊಟ್ಟು ನೋಡು" ಅಂದರು. 3000 ಆರ್‌ಪಿಎಂಗೆ ಏರಿಸಿದರೆ ಗೆರೆ ಮೆಲ್ಲಗೆ ಸರಿಯುತ್ತಿತ್ತು, ಸ್ವಲ್ಪ ನಡುಗುತ್ತಲೂ ಇತ್ತು. ಲಾಕ್ ಮಾಡಿದ ಟೈಮಿಂಗ್ ಸರಿಯಬಾರದು. ನಮ್ಮದು ಎರಡು ವಯರಿನ ಮ್ಯಾಗ್ನೆಟ್ ಸೆನ್ಸರ್. ವಯರ್ ಅದಲುಬದಲಾದರೂ ಎಂಜಿನ್ ಓಡುತ್ತದೆ, ಆದರೆ ಇಸಿಯು ಹಲ್ಲಿನ ತಪ್ಪು ಅಂಚನ್ನು ಓದುತ್ತದೆ. 3000ದಲ್ಲಿ ಒಂದು ಡಿಗ್ರಿ ಅಂದರೆ ಸುಮಾರು 56 ಮೈಕ್ರೋಸೆಕೆಂಡ್ ಮಾತ್ರ. ಆ ಅಂಚು ಖಚಿತವಾಗಿರಲೇಬೇಕು. ಎರಡು ವಯರ್ ಬದಲಿಸಿ, ಆ್ಯಂಗಲ್ ಮತ್ತೆ ಹೊಂದಿಸಿದೆ. ಈ ಸಲ 1000ದಲ್ಲೂ 4000ದಲ್ಲೂ ಗೆರೆ ಬರೆದಿಟ್ಟಂತೆ ನಿಂತಿತು.

ಲಾಕ್ ತೆಗೆದೆ. ಬಿಸಿ ಎಂಜಿನ್ನು ಸ್ಟಾರ್ಟರ್ ಮುಟ್ಟಿದ ಕೂಡಲೇ ಎದ್ದಿತು, ಒದೆ ಇಲ್ಲ. ಮೂರನೇ ಸಿಲಿಂಡರಿನೊಳಗೆ ಕ್ಯಾಮೆರಾ ಬಿಟ್ಟು ನೋಡಿದೆವು. ಪಿಸ್ಟನ್ನಿನ ಅಂಚಿನಲ್ಲಿ ಸಣ್ಣ ಕಚ್ಚುಗಳಿದ್ದವು, ಕಂಪ್ರೆಶನ್ ಮಾತ್ರ ಕೆಟ್ಟಿರಲಿಲ್ಲ. ಎರಡು ದಿನ ಕೂತು ಟೈಮಿಂಗ್ ಮ್ಯಾಪನ್ನು ಮೊದಲಿನಿಂದ ಬರೆದೆ.

ಮುಂದಿನ ಸಲ ಗಾಡಿ ಮಂಗಳೂರಿಗೆ ಇಳಿದಾಗ 100ರ ಸಾಲಿನಲ್ಲಿ ಮತ್ತೆ 28 ಇತ್ತು. ಈ ಸಲ ಪುಲ್ಲಿಯ ಮೇಲೂ 28. ಮಧ್ಯಾಹ್ನದ ಬಿಸಿಲಿನಲ್ಲಿ ಪೂರ್ತಿ ಒತ್ತಿ ಓಡಿಸಿದರು. ವಾಪಸ್ ಬಂದ ಮೇಲೆ ನಾಲ್ಕೂ ಪ್ಲಗ್ ಬಿಚ್ಚಿ ಮಾಲೀಕರ ಅಂಗೈಯಲ್ಲಿ ಇಟ್ಟೆ. ಪಿಂಗಾಣಿ ಮೇಲೆ ಒಂದು ಚುಕ್ಕಿಯೂ ಇರಲಿಲ್ಲ.

"ಈ ಸಲ ಪೆಟ್ರೋಲ್ ಎಲ್ಲಿ ಹಾಕಿಸಿದೆಯಪ್ಪಾ?" ಅಂದರು.

"ಅದೇ ಬಂಕ್ ಸಾರ್" ಅಂದೆ.