ಖಾಲಿ ಬಂದ ಬೋಟೂ ಲೆಕ್ಕಕ್ಕೆ ಬೇಕು

ಶಿವಮೊಗ್ಗ, ತೀರ್ಥಹಳ್ಳಿ, ಸಾಗರದ ಕಡೆ ಸಂಖ್ಯಾಶಾಸ್ತ್ರ ಓದಿದ ಮಕ್ಕಳು ಬ್ಯಾಂಕು, ವಿಮೆ, ಬೆಂಗಳೂರಿನ ಕಂಪನಿ ಎಂದು ಹೊರಡುತ್ತಾರೆ. ಮೀನುಗಾರಿಕೆ ಸಂಶೋಧನೆ ಅಷ್ಟಾಗಿ ಯಾರಿಗೂ ಹೊಳೆಯುವುದಿಲ್ಲ. ಆಗುಂಬೆ ಘಾಟಿ ಇಳಿದರೆ ಮಲ್ಪೆ ದೂರವಿಲ್ಲ. ನಮ್ಮ ಶರಾವತಿ ಸಮುದ್ರ ಸೇರುವುದೂ ಹೊನ್ನಾವರದಲ್ಲೇ. ಈ ಕೆಲಸ ಹೇಗಿರುತ್ತದೆ ಎಂಬುದನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಎಲ್ಲ ಶುರುವಾಗುವುದು ದಕ್ಕೆಯಲ್ಲಿ, ಅಂದರೆ ಬೋಟುಗಳು ಮೀನು ಇಳಿಸುವ ಕಟ್ಟೆಯಲ್ಲಿ. ಕರಾವಳಿಯ ಪ್ರತಿ ಬಂದರಿನಲ್ಲಿ ಪ್ರತಿದಿನ ಬಂದ ಮೀನನ್ನೆಲ್ಲ ತೂಗಿ ಬರೆಯುವುದು ಆಗದ ಮಾತು. ಹಾಗಾಗಿ 1947ರಲ್ಲಿ ಶುರುವಾದ, ಈಗ ಕೊಚ್ಚಿಯಲ್ಲಿರುವ ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆ ಮಾದರಿ ಸಮೀಕ್ಷೆಯ ಒಂದು ಕ್ರಮ ರೂಢಿಸಿಕೊಂಡಿದೆ. ತಿಂಗಳನ್ನು ಹತ್ತು ಹತ್ತು ದಿನದ ಮೂರು ಭಾಗ ಮಾಡುತ್ತಾರೆ. ಆಯ್ಕೆಯಾದ ಬಂದರಿನಲ್ಲಿ ಮೊದಲ ದಿನ ಮಧ್ಯಾಹ್ನ 12ರಿಂದ ಸಂಜೆ 6, ಮರುದಿನ ಬೆಳಿಗ್ಗೆ 6ರಿಂದ 12 ಗಂಟೆವರೆಗೆ ನಿಂತು ನೋಡುವುದು. ನಡುವಿನ ರಾತ್ರಿ ಬಂದದ್ದನ್ನು ವಿಚಾರಿಸಿ ಬರೆದುಕೊಳ್ಳುವುದು. ಬಂದ ಬೋಟು 15ರೊಳಗಿದ್ದರೆ ಎಲ್ಲವನ್ನೂ ನೋಡಬೇಕು. 20ರಿಂದ 29 ಇದ್ದರೆ ಎರಡಕ್ಕೊಂದು, 40ರಿಂದ 49 ಇದ್ದರೆ ನಾಲ್ಕಕ್ಕೊಂದು.

44 ಟ್ರಾಲ್ ಬೋಟು ಬಂದವು, 11 ನೋಡಿದಿರಿ, ಅವುಗಳಲ್ಲಿ ಒಟ್ಟು 1,320 ಕಿಲೋ ಬಂಗುಡೆ ಸಿಕ್ಕಿತು ಎಂದಿಟ್ಟುಕೊಳ್ಳಿ. ಬೋಟಿಗೆ ಸರಾಸರಿ 120 ಕಿಲೋ, 44ಕ್ಕೆ 5,280 ಕಿಲೋ. ಲೆಕ್ಕ ಹೈಸ್ಕೂಲಿನದು, ಕಷ್ಟವಿರುವುದು ಆ 11 ಬೋಟು ಯಾವುವು ಎಂಬುದರಲ್ಲಿ. ಪರಿಚಯದ ತಾಂಡೇಲರ (ಬೋಟು ನಡೆಸುವವರ) ಬೋಟನ್ನೇ ಆರಿಸಿದರೆ, ಕತ್ತಲಾದ ಮೇಲೆ ಬಂದವನ್ನು ಬಿಟ್ಟರೆ, ಮೀನುಪುಡಿ ಕಾರ್ಖಾನೆಗೆ ಹೋಗುವ ರಾಶಿಯನ್ನು ಕಸವೆಂದು ತೂಗದೆ ಬಿಟ್ಟರೆ, ಆಮೇಲೆ ಯಾವ ಸೂತ್ರವೂ ಸರಿಪಡಿಸುವುದಿಲ್ಲ. ಆ ಕಸದ ರಾಶಿಯಲ್ಲೇ ಮುಂದಿನ ವರ್ಷ ಬಲಿಯಬೇಕಿದ್ದ ಮರಿಗಳು ಇರುತ್ತವೆ. ಮೀನೇ ಸಿಗದೆ ಬಂದ ಬೋಟಿಗೆ ಸೊನ್ನೆ ಬರೆಯುವುದು ಇಷ್ಟೇ ಮುಖ್ಯ. ಅದು ಬಿಟ್ಟುಹೋದರೆ ಸರಾಸರಿ ಸುಳ್ಳೇ ಮೇಲೇರುತ್ತದೆ.

ಇದಕ್ಕಿಂತ ದೊಡ್ಡ ಗುಂಡಿ ಇನ್ನೊಂದಿದೆ. ಗಂಟೆಗೆ ಇಷ್ಟು ಕಿಲೋ ಎಂಬ ದರ ಇಳಿಯದಿದ್ದರೆ ಸಮುದ್ರದಲ್ಲಿ ಮೀನೂ ಇಳಿದಿಲ್ಲ ಎಂದು ನಂಬಿಬಿಡುವುದು. ಮಲೆನಾಡಿನವರಿಗೆ ಇದನ್ನು ಅರ್ಥಮಾಡಿಸುವುದು ಸುಲಭ. ಮುಂಗಾರು ಹಿಡಿದ ಮೊದಲ ದಿನಗಳಲ್ಲಿ ಹತ್ತುಮೀನು ಮೊಟ್ಟೆಯಿಡಲು ಹಳ್ಳದಿಂದ ಗದ್ದೆಗೆ ಏರುತ್ತದೆ. ಆಗ ಕೂಣಿ (ಮೀನು ಹಿಡಿಯುವ ಬಿದಿರಿನ ಬುಟ್ಟಿ) ಒಡ್ಡಿದವರಿಗೆ ರಾತ್ರಿ ಬೆಳಗಾಗುವುದರಲ್ಲಿ ಬುಟ್ಟಿ ತುಂಬುತ್ತದೆ. ಹಳ್ಳದ ಮೀನೆಲ್ಲ ಆ ಒಂದು ಕಂಡಿಯಲ್ಲಿ ಹಾದುಹೋಗುವುದರಿಂದ ಸಿಕ್ಕಿದ್ದೇ ಹೊರತು, ಹಳ್ಳದಲ್ಲಿ ಮೀನು ಹೆಚ್ಚಿದ್ದರಿಂದ ಅಲ್ಲ. ಹಳ್ಳದಲ್ಲಿ ಅರ್ಧ ಮೀನು ಕಡಿಮೆಯಾದರೂ ಆ ರಾತ್ರಿಯ ಬುಟ್ಟಿ ಹೆಚ್ಚುಕಮ್ಮಿ ತುಂಬಿಯೇ ಇರಬಹುದು. ಬೂತಾಯಿ, ಬಂಗುಡೆಯಂಥ ಗುಂಪು ಮೀನಿನ ಕಥೆಯೂ ಇದೇ. ಪರ್ಸೀನ್ ಬೋಟು ಸಮುದ್ರವನ್ನು ಸಮನಾಗಿ ಜಾಲಾಡುವುದಿಲ್ಲ, ಗುಂಪು ಹುಡುಕಿಕೊಂಡು ಹೋಗಿ ಬಲೆ ಸುತ್ತುತ್ತದೆ. ಕೊನೆಯ ಕೆಲವು ಗುಂಪು ಉಳಿಯುವವರೆಗೂ ದರ ಚೆನ್ನಾಗಿಯೇ ಕಾಣುತ್ತದೆ. ಕೆನಡಾದ ನ್ಯೂಫೌಂಡ್‌ಲ್ಯಾಂಡ್ ಕರಾವಳಿಯ ಕಾಡ್ ಮೀನುಗಾರಿಕೆಯನ್ನು 1992ರಲ್ಲಿ ನಿಲ್ಲಿಸಬೇಕಾಗಿ ಬಂತು. ಅಲ್ಲಿ ಅಂದಾಜು ತಪ್ಪಿದ್ದಕ್ಕೆ ಇದೂ ಒಂದು ಕಾರಣ. ಸಾವಿರಾರು ಕುಟುಂಬಗಳ ಅನ್ನ ಹೋಯಿತು. ಸಂಖ್ಯಾಶಾಸ್ತ್ರಜ್ಞರು ಬೋಟಿನವರ ಜತೆ ಕೂತು ಮಾತಾಡಲೇಬೇಕು ಎಂದು ನಾನು ಒತ್ತಿ ಹೇಳುವುದು ಇದಕ್ಕೇ. ಮೀನು ಹುಡುಕಲು ಎಷ್ಟು ಹೊತ್ತು ಹಿಡಿಯಿತು, ಹೊಸ ಎಂಜಿನ್ ಎಷ್ಟು ಎಚ್‌ಪಿ, ಎಷ್ಟು ಆಳಕ್ಕೆ ಹೋದರು ಎಂಬುದು ಲೆಕ್ಕದ ಮಾದರಿಯೊಳಗೆ (ಮಾಡೆಲ್) ಸೇರದಿದ್ದರೆ ವರ್ಷದಿಂದ ವರ್ಷಕ್ಕೆ ಹೋಲಿಸುವುದರಲ್ಲಿ ಅರ್ಥವಿಲ್ಲ.

ಸೊನ್ನೆ ತುಂಬಾ ಇರುವ ದತ್ತಾಂಶಕ್ಕೆ ಎಲ್ಲದಕ್ಕೂ 1 ಕೂಡಿಸಿ ಲಾಗ್ ತೆಗೆಯುವ ಅಭ್ಯಾಸ ಬಿಡಿ. ಕಿಲೋದಲ್ಲಿ 1 ಕೂಡಿಸಿದರೆ ಒಂದು ಉತ್ತರ, ಗ್ರಾಮಿನಲ್ಲಿ ಕೂಡಿಸಿದರೆ ಇನ್ನೊಂದು. ಮೀನು ಸಿಕ್ಕಿತೋ ಇಲ್ಲವೋ ಎಂಬುದಕ್ಕೊಂದು ಮಾದರಿ, ಸಿಕ್ಕಿದ್ದರೆ ಎಷ್ಟು ಎಂಬುದಕ್ಕೊಂದು, ಹೀಗೆ ಬೇರೆ ಮಾಡುವುದು ಮೇಲು.

ಜೀವವೈವಿಧ್ಯದ ಲೆಕ್ಕದಲ್ಲಿ ಕಾಣದ ಜಾತಿಗಳದ್ದೇ ಪ್ರಶ್ನೆ. ಇದಕ್ಕೆ ಸಂಖ್ಯಾಶಾಸ್ತ್ರಜ್ಞೆ ಆನ್ ಚಾವೋ ಕೊಟ್ಟ ಅಂದಾಜು ಸರಳ: ಒಮ್ಮೆ ಮಾತ್ರ ಕಂಡ ಜಾತಿಗಳ ಸಂಖ್ಯೆಯ ವರ್ಗವನ್ನು, ಎರಡು ಸಲ ಕಂಡವುಗಳ ಸಂಖ್ಯೆಯ ಎರಡರಷ್ಟರಿಂದ ಭಾಗಿಸಿ, ಕಂಡ ಒಟ್ಟು ಜಾತಿಗೆ ಕೂಡಿಸಿ. 42 ಜಾತಿ ಕಂಡಿವೆ, 12 ಒಂದೇ ಸಲ, 6 ಎರಡು ಸಲ ಎಂದಾದರೆ 144ನ್ನು 12ರಿಂದ ಭಾಗಿಸಿ 12. ಕನಿಷ್ಠ 54 ಜಾತಿ ಇರಬಹುದು. ಆದರೆ ಗುರುತು ತಪ್ಪಿ ಒಂದೇ ಜಾತಿಯ ಮರಿಗೆ ಬೇರೆ ಹೆಸರು ಬರೆದರೆ ಒಮ್ಮೆ ಕಂಡವುಗಳ ಪಟ್ಟಿ ಉಬ್ಬಿ, ಅಂದಾಜು ಎಲ್ಲೆಲ್ಲೋ ಹೋಗುತ್ತದೆ. ಉದ್ದ ಅಳೆಯುವಾಗಲೂ ಎಚ್ಚರ ಬೇಕು. ಬಂಗುಡೆಯ ಬಾಲ ಕವಲೊಡೆದಿರುತ್ತದೆ. ಒಬ್ಬರು ತುದಿಯವರೆಗೆ, ಇನ್ನೊಬ್ಬರು ಕವಲಿನವರೆಗೆ ಅಳೆದು ಬೆರೆಸಿದರೆ ಬೆಳವಣಿಗೆಯ ರೇಖೆ ಕೆಟ್ಟಿತು. ಹರಾಜಿಗೆ ವಿಂಗಡಿಸಿದ ಕ್ರೇಟಿನಿಂದ ಮಾದರಿ ಎತ್ತಬೇಡಿ, ವಿಂಗಡಿಸುವ ಮೊದಲೇ ಎತ್ತಿ.

ಓದಿನ ವಿಷಯಕ್ಕೆ ಬಂದರೆ, ಕೃಷಿ ಸಂಖ್ಯಾಶಾಸ್ತ್ರಕ್ಕೆ ದೆಹಲಿಯ ಐಎಎಸ್‌ಆರ್‌ಐ (ಭಾರತೀಯ ಕೃಷಿ ಸಂಖ್ಯಾಶಾಸ್ತ್ರ ಸಂಶೋಧನಾ ಸಂಸ್ಥೆ), ಮೀನುಗಾರಿಕೆಗೆ ಮುಂಬೈನ ಸಿಐಎಫ್‌ಇ (ಕೇಂದ್ರೀಯ ಮೀನುಗಾರಿಕಾ ಶಿಕ್ಷಣ ಸಂಸ್ಥೆ) ಮತ್ತು ಮಂಗಳೂರಿನ ಮೀನುಗಾರಿಕಾ ಕಾಲೇಜು ಇವೆ. ಐಸಿಎಆರ್ (ಭಾರತೀಯ ಕೃಷಿ ಅನುಸಂಧಾನ ಪರಿಷತ್ತು) ಸಂಸ್ಥೆಗಳ ವಿಜ್ಞಾನಿ ಹುದ್ದೆಗೆ ಎಎಸ್‌ಆರ್‌ಬಿ (ಕೃಷಿ ವಿಜ್ಞಾನಿಗಳ ನೇಮಕಾತಿ ಮಂಡಳಿ) ಮೂಲಕ ನೇಮಕ. ಸಂಖ್ಯಾಶಾಸ್ತ್ರದ ಲೆಕ್ಕಕ್ಕೆ ಬಳಸುವ ಆರ್ (R) ತಂತ್ರಾಂಶ ಉಚಿತ, ಈಗಲೇ ಕಲಿಯಿರಿ.

ಅಭ್ಯಾಸಕ್ಕೆ ಕರಾವಳಿಗೇ ಹೋಗಬೇಕೆಂದಿಲ್ಲ. ಲಿಂಗನಮಕ್ಕಿ ಹಿನ್ನೀರಿನಲ್ಲಿ ಬಲೆ ಬಿಡುವವರ ಜತೆ ಒಂದು ಹಂಗಾಮು ನೋಟ್‌ಬುಕ್ ಹಿಡಿದರೆ ಸಾಕು. ಬಲೆಯ ಉದ್ದ, ಕಣ್ಣಿನ ಅಳತೆ, ನೀರಿಗೆ ಬಿಟ್ಟ ಮತ್ತು ಎತ್ತಿದ ಹೊತ್ತು, ಜಾತಿವಾರು ತೂಕ ಬರೆಯಿರಿ. ಒಂದೇ ಅಳತೆಯ 4 ಬಲೆ 12 ಗಂಟೆ ನೀರಿನಲ್ಲಿದ್ದು 6 ಕಿಲೋ ಸಿಕ್ಕರೆ, ಬಲೆಗೆ ಗಂಟೆಗೆ 125 ಗ್ರಾಂ. ತೀರ್ಥಹಳ್ಳಿ ಬಳಿಯ ಚಿಪ್ಪಲಗುಡ್ಡೆಯ ಮತ್ಸ್ಯಧಾಮದಂಥ ಕಡೆ ಮೀನು ಹಿಡಿಯುವಂತಿಲ್ಲ, ಅಲ್ಲಿಗೆ ಈ ದರ ಹೊಂದುವುದಿಲ್ಲ. ಅಲ್ಲಿ ನಿಗದಿತ ಜಾಗದಲ್ಲಿ, ನಿಗದಿತ ಹೊತ್ತಿನಲ್ಲಿ ಕಣ್ಣಿಗೆ ಕಂಡದ್ದನ್ನೇ ಎಣಿಸಬೇಕು. ಇನ್ನೊಂದು ಮಾತು: ಬಲೆ ಬಿಟ್ಟೂ ಮೀನು ಸಿಗದ ರಾತ್ರಿಗೆ ಸೊನ್ನೆ ಹಾಕಿ. ಮಳೆಗೆ ಬಲೆ ಬಿಡಲಾಗದ ರಾತ್ರಿಗೆ ಸೊನ್ನೆ ಹಾಕಬೇಡಿ, ಖಾನೆ ಖಾಲಿ ಬಿಟ್ಟು ಪಕ್ಕದಲ್ಲಿ ಕಾರಣ ಬರೆಯಿರಿ.