ಗಂಟಲು ನೋವಿಗೆ ಮಾತ್ರೆ ಆರಿಸುವಾಗ ಸ್ಟ್ರಿಪ್ಪಿನ ಹಿಂಬದಿ ಓದಿ

ಗಂಟಲು ನೋವೆಂದು ಔಷಧಿ ಅಂಗಡಿಗೆ ಹೋದವರು ಎಷ್ಟೋ ಸಲ ಮೂರು ನಾಲ್ಕು ಬಗೆ ಹಿಡಿದುಕೊಂಡು ಬರುತ್ತಾರೆ: ಒಂದು ನೆಗಡಿ ಮಾತ್ರೆ, ಒಂದು ಜ್ವರದ ಮಾತ್ರೆ, ಚೀಪುವ ಗುಳಿಗೆಯ ಸ್ಟ್ರಿಪ್ಪು, ಮೇಲೊಂದು ಕೆಮ್ಮಿನ ಸಿರಪ್. ಹೆಸರು ಬೇರೆ ಬೇರೆ ಇದ್ದರೂ ಎರಡರೊಳಗೆ ಒಂದೇ ಔಷಧಿ ಇರುವುದುಂಟು. ಇನ್ನೊಂದಕ್ಕೂ ಗಂಟಲಿಗೂ ಸಂಬಂಧವೇ ಇರುವುದಿಲ್ಲ. ಸಾಮಾನ್ಯ ಗಂಟಲು ನೋವಿಗೆ ಬೇಕಾದದ್ದು ಎರಡೇ: ನುಂಗುವ ನೋವು ನಿವಾರಕ ಒಂದು, ಗಂಟಲಲ್ಲೇ ಕೆಲಸ ಮಾಡುವಂಥದ್ದು ಒಂದು. ಎಷ್ಟೋ ಜನರಿಗೆ ಮೊದಲನೆಯದೇ ಸಾಕಾಗುತ್ತದೆ.

ಗಂಟಲು ನೋವು ಬಹುಪಾಲು ವೈರಸ್ಸಿನಿಂದ ಬರುತ್ತದೆ. ಏನೂ ಮಾಡದಿದ್ದರೂ ಹತ್ತರಲ್ಲಿ ಎಂಟು ಮಂದಿಗೆ ವಾರದೊಳಗೆ ಇಳಿಯುತ್ತದೆ. ಚೀಟಿಯಿಲ್ಲದೆ ಸಿಗುವ ಯಾವ ಔಷಧಿಯೂ ಆ ವೈರಸ್ಸನ್ನು ಓಡಿಸುವುದಿಲ್ಲ. ನಡುವಿನ ಮೂರು ನಾಲ್ಕು ದಿನ ನೀರು ಕುಡಿಯಲು, ಊಟ ಮಾಡಲು, ನಿದ್ದೆ ಮಾಡಲು ಆಗುವಂತೆ ಮಾಡುತ್ತದೆ, ಅಷ್ಟೇ. ಹಾಗಾಗಿ ಆಂಟಿಬಯಾಟಿಕ್ ಬೆರೆಸಿದ ಚೀಪುವ ಗುಳಿಗೆ ಕಂಡರೆ ತೆಗೆದುಕೊಳ್ಳಬೇಡಿ. ವೈರಸ್ಸಿಗೆ ಅದು ತಾಗುವುದಿಲ್ಲ. ನೋವು ನಿಜವಾಗಿ ಬ್ಯಾಕ್ಟೀರಿಯಾದ್ದಾಗಿದ್ದರೆ ಚೀಪಿದ ಗುಳಿಗೆಯಿಂದ ವಾಸಿಯಾಗುವುದೂ ಇಲ್ಲ.

ನುಂಗುವ ಮಾತ್ರೆಯಿಂದ ಶುರುಮಾಡೋಣ. ನಿಜವಾದ ಉಪಶಮನ ಸಿಗುವುದು ಇಲ್ಲೇ. ಪ್ಯಾರಾಸಿಟಮಾಲ್ ವಯಸ್ಕರಿಗೆ ಒಮ್ಮೆಗೆ 500ರಿಂದ 1000 ಮಿಲಿಗ್ರಾಂ, ನಾಲ್ಕರಿಂದ ಆರು ಗಂಟೆಗೊಮ್ಮೆ. 24 ಗಂಟೆಯಲ್ಲಿ ಎಲ್ಲ ಸೇರಿ 4000 ಮಿಲಿಗ್ರಾಂ ದಾಟಬಾರದು. ತೂಕ 50 ಕಿಲೋಗಿಂತ ಕಡಿಮೆ ಇರುವವರು, ದಿನಾ ಕುಡಿಯುವವರು, ಪಿತ್ತಜನಕಾಂಗದ ತೊಂದರೆ ಇರುವವರು ಇದಕ್ಕಿಂತ ಕಡಿಮೆಗೇ ನಿಲ್ಲಿಸಬೇಕು. ಎಷ್ಟು ಎಂಬುದನ್ನು ವೈದ್ಯರನ್ನೋ ಫಾರ್ಮಸಿಸ್ಟರನ್ನೋ ಕೇಳಿ. ಎಡವಟ್ಟಾಗುವುದು ನೆಗಡಿ ಮಾತ್ರೆಯ ಜೊತೆ ಸೇರಿಸಿಕೊಂಡಾಗ. ನೆಗಡಿ, ಫ್ಲೂ ಎಂದು ಬರೆದ ಮಾತ್ರೆಗಳಲ್ಲಿ, ಬಿಸಿನೀರಿಗೆ ಹಾಕಿ ಕುಡಿಯುವ ಪುಡಿಗಳಲ್ಲಿ ಬಹುತೇಕ ಪ್ಯಾರಾಸಿಟಮಾಲ್ ಇದ್ದೇ ಇರುತ್ತದೆ. ಅದರ ಮೇಲೆ ಜ್ವರದ ಮಾತ್ರೆಯನ್ನೂ ನುಂಗಿದರೆ ಗೊತ್ತಿಲ್ಲದೆ ಪ್ರಮಾಣ ಎರಡು ಪಟ್ಟಾಯಿತು. ಹೆಚ್ಚಾಗಿ ಹೋದರೆ ಮೊದಲ ದಿನ ದೇಹಕ್ಕೆ ಏನೂ ಅನ್ನಿಸದೆಯೂ ಇರಬಹುದು, ಒಳಗೆ ಪಿತ್ತಜನಕಾಂಗ ಹಾಳಾಗುತ್ತಿರುತ್ತದೆ. ಮಿತಿ ಮೀರಿತೆಂದು ಅನುಮಾನ ಬಂದರೆ ಲಕ್ಷಣ ಕಾಣಲಿ ಎಂದು ಕಾಯದೆ ಆಸ್ಪತ್ರೆಗೆ ಹೋಗಬೇಕು.

ಐಬುಪ್ರೊಫೇನ್ ನೋವಿನ ಜೊತೆ ಉರಿಯೂತವನ್ನೂ ತಗ್ಗಿಸುತ್ತದೆ. ಟಾನ್ಸಿಲ್ ಊದಿ, ಉಗುಳು ನುಂಗಿದರೂ ಮುಳ್ಳು ಚುಚ್ಚಿದಂತಾಗುವವರಿಗೆ ನನ್ನ ಆಯ್ಕೆ ಇದೇ. 200ರಿಂದ 400 ಮಿಲಿಗ್ರಾಂ, ಆರರಿಂದ ಎಂಟು ಗಂಟೆಗೊಮ್ಮೆ, ಹೊಟ್ಟೆಗೆ ಏನಾದರೂ ತಿಂದ ಮೇಲೆ. ವೈದ್ಯರು ಹೇಳದೆ ದಿನಕ್ಕೆ 1200 ಮಿಲಿಗ್ರಾಂ ಮೀರಬೇಡಿ. ಹೊಟ್ಟೆ ಹುಣ್ಣು, ಮೂತ್ರಪಿಂಡದ ಅಥವಾ ಹೃದಯದ ಕಾಯಿಲೆ ಇದ್ದವರು, ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು, ಆಸ್ಪಿರಿನ್ ತೆಗೆದುಕೊಂಡರೆ ಉಬ್ಬಸ ಏಳುವವರು, ಗರ್ಭಿಣಿಯರು ಇದನ್ನು ಬಿಟ್ಟು ಪ್ಯಾರಾಸಿಟಮಾಲ್ ಹಿಡಿಯುವುದು ಒಳ್ಳೆಯದು. ಡೆಂಗ್ಯೂ ಹರಡಿರುವ ಕಡೆ ಜ್ವರವೂ ಇದ್ದರೆ ಐಬುಪ್ರೊಫೇನ್, ಆಸ್ಪಿರಿನ್ ಎರಡೂ ಬೇಡ, ರಕ್ತಸ್ರಾವದ ಅಪಾಯ ಹೆಚ್ಚುತ್ತದೆ. ವಾಂತಿ ಭೇದಿಯಾಗಿ ನೀರು ಕಳೆದುಕೊಂಡ ದೇಹಕ್ಕೂ ಐಬುಪ್ರೊಫೇನ್ ಒಳ್ಳೆಯದಲ್ಲ, ಮೂತ್ರಪಿಂಡಕ್ಕೆ ಪೆಟ್ಟು ಬೀಳುತ್ತದೆ.

ಮಾತ್ರೆ ಕೆಲಸ ಮಾಡಲಿಲ್ಲ ಎನ್ನುವವರಲ್ಲಿ ಹಲವರು ಹೊತ್ತು ತಪ್ಪಿಸಿರುತ್ತಾರೆ. ನುಂಗಿದ ಅರ್ಧ ಗಂಟೆಯಿಂದ ಒಂದು ಗಂಟೆಯೊಳಗೆ ಪರಿಣಾಮ ಸಿಗುತ್ತದೆ. ಪ್ಯಾರಾಸಿಟಮಾಲ್ ಆದರೆ ಊಟಕ್ಕೆ ಮುಕ್ಕಾಲು ಗಂಟೆ ಮೊದಲೇ ತೆಗೆದುಕೊಳ್ಳಿ. ಐಬುಪ್ರೊಫೇನ್ ಆದರೆ ಮೆತ್ತನೆಯದೇನಾದರೂ ನಾಲ್ಕು ತುತ್ತು ತಿಂದು ಮಾತ್ರೆ ನುಂಗಿ, ಮುಖ್ಯ ಊಟವನ್ನು ಮುಕ್ಕಾಲು ಗಂಟೆ ತಡಮಾಡಿ. ಮಾತ್ರೆ ನುಂಗಲೇ ಆಗದಿದ್ದರೆ ಸಿರಪ್ ಅಥವಾ ನೀರಿನಲ್ಲಿ ಕರಗುವ ಮಾತ್ರೆ ಕೇಳಿ. ನೊರೆಬಂದು ಕರಗುವ ಮಾತ್ರೆಗಳಲ್ಲಿ ಸೋಡಿಯಂ ಹೆಚ್ಚು, ರಕ್ತದೊತ್ತಡದವರು ದಿನವಿಡೀ ಅದನ್ನೇ ಕುಡಿಯುವುದು ಬೇಡ. ನಿಧಾನವಾಗಿ ಬಿಡುಗಡೆಯಾಗುವ ಬಗೆಯ ಮಾತ್ರೆಯನ್ನು ಪುಡಿಮಾಡಲೇಬಾರದು.

ಇನ್ನು ಚೀಪುವ ಗುಳಿಗೆ. ಹೊದಿಕೆಯ ಮೇಲಿನ ಬಣ್ಣದ ಹಣ್ಣಿನ ಚಿತ್ರ ಬಿಟ್ಟು ಹಿಂಬದಿಯ ಸಣ್ಣ ಅಕ್ಷರ ಓದಿ. ಮೆಂಥಾಲ್ ಮಾತ್ರ ಇದ್ದರೆ ತಂಪಿನ ಅನುಭವ ಕೊಡುತ್ತದೆ, ಉಗುಳು ಹೆಚ್ಚಿಸಿ ಒಣಗಿದ ಗಂಟಲನ್ನು ನೆನೆಸುತ್ತದೆ. ಬರೀ ಕೆರೆತಕ್ಕೆ ಇದು ಸಾಕು. ಅಮೈಲ್‌ಮೆಟಾಕ್ರೆಸಾಲ್ ಮತ್ತು ಡೈಕ್ಲೋರೊಬೆಂಜೈಲ್ ಆಲ್ಕೊಹಾಲ್ ಜೋಡಿ ಆಂಟಿಸೆಪ್ಟಿಕ್ ಹೆಸರಿನಲ್ಲಿ ಮಾರಾಟವಾದರೂ ಸ್ವಲ್ಪ ಮರಗಟ್ಟಿಸುವ ಗುಣವೂ ಇರುವುದರಿಂದ ಹಿತವೆನಿಸುತ್ತದೆ. ಎರಡು ಮೂರು ಗಂಟೆಗೊಂದು, ದಿನಕ್ಕೆ 12ರ ಮಿತಿ. ಬೆಂಜೊಕೇನ್, ಲಿಗ್ನೊಕೇನ್ ನೇರವಾಗಿ ಮರಗಟ್ಟಿಸುವಂಥವು. ಜೋರು ನೋವಿಗೆ ಬೇಗ ಹಿಡಿಯುತ್ತವೆ, ಬೇಗ ಇಳಿಯುತ್ತವೆ. ಗಂಟಲು ಮರಗಟ್ಟಿರುವಾಗ ಬಿಸಿ ಪದಾರ್ಥ ಕುಡಿದರೆ ಸುಟ್ಟದ್ದೇ ಗೊತ್ತಾಗದು, ಊಟ ಮಾಡಿದರೆ ನೆತ್ತಿಗೇರಬಹುದು, ಸ್ಪರ್ಶ ಮರಳುವವರೆಗೆ ಕಾಯಿರಿ. ಬೆಂಜೊಕೇನ್ ಅಪರೂಪಕ್ಕೆ ರಕ್ತದ ಆಮ್ಲಜನಕ ಸಾಗಿಸುವ ಶಕ್ತಿಯನ್ನೇ ಕುಗ್ಗಿಸುತ್ತದೆ. ತುಟಿ, ಉಗುರು ನೀಲಿಗಟ್ಟಿ ಏದುಸಿರು ಬಂದರೆ ಅದು ತುರ್ತು ಸ್ಥಿತಿ. ಎರಡು ವರ್ಷದೊಳಗಿನ ಮಕ್ಕಳ ಬಾಯಿಗೆ ಬೆಂಜೊಕೇನ್ ಇರುವ ಏನನ್ನೂ ಹಚ್ಚಬಾರದು.

ಇವೆಲ್ಲಕ್ಕಿಂತ ಹೆಚ್ಚು ಹೊತ್ತು ನಿಲ್ಲುವುದು 8.75 ಮಿಲಿಗ್ರಾಂ ಫ್ಲರ್ಬಿಪ್ರೊಫೇನ್ ಗುಳಿಗೆ. 12 ವರ್ಷ ದಾಟಿದವರಿಗೆ ಮೂರರಿಂದ ಆರು ಗಂಟೆಗೊಂದು, ದಿನಕ್ಕೆ ಐದು, ಹೆಚ್ಚೆಂದರೆ ಮೂರು ದಿನ. ಬಾಯಲ್ಲಿ ಒಂದೇ ಕಡೆ ಇಟ್ಟುಕೊಂಡರೆ ಅಲ್ಲಿ ಉರಿ, ಹುಣ್ಣು ಆಗುತ್ತದೆ, ಅತ್ತಿತ್ತ ಸರಿಸುತ್ತಿರಬೇಕು. ಬಹಳ ಜನರಿಗೆ ತಿಳಿಯದ ಸಂಗತಿ: ಇದು ಐಬುಪ್ರೊಫೇನ್ ಜಾತಿಯದೇ. ಎರಡನ್ನೂ ಒಟ್ಟಿಗೆ ತೆಗೆದುಕೊಳ್ಳಬಾರದು. ಈ ಗುಳಿಗೆ ಚೀಪುವ ದಿನಗಳಲ್ಲಿ ನುಂಗಲು ಪ್ಯಾರಾಸಿಟಮಾಲ್ ಇರಲಿ. ಐಬುಪ್ರೊಫೇನ್ ಆಗದವರಿಗೆ ಈ ಗುಳಿಗೆಯೂ ಆಗದು. ಮಧುಮೇಹಿಗಳು ಸಕ್ಕರೆರಹಿತ ಗುಳಿಗೆ ಕೇಳಬೇಕು, ಆದರೆ ಅದನ್ನು ಮೇಲಿಂದ ಮೇಲೆ ಚೀಪಿದರೆ ಅದರಲ್ಲಿನ ಸಾರ್ಬಿಟಾಲ್, ಐಸೊಮಾಲ್ಟ್‌ಗಳಿಂದ ಹೊಟ್ಟೆ ಸಡಿಲವಾಗುತ್ತದೆ.

ಮುಕ್ಕಳಿಸಲು ಉಪ್ಪುನೀರಿಗಿಂತ ಅಗ್ಗದ್ದು, ಅಪಾಯವಿಲ್ಲದ್ದು ಇನ್ನೊಂದಿಲ್ಲ. 240 ಮಿ.ಲೀ. ಉಗುರುಬೆಚ್ಚಗಿನ ನೀರಿಗೆ ಅರ್ಧ ಟೀ ಚಮಚ ಉಪ್ಪು. ಉಪ್ಪು ಜಾಸ್ತಿಯಾದರೆ ಗಂಟಲು ಇನ್ನಷ್ಟು ಒಣಗಿ ಉರಿಯುತ್ತದೆ, ನೀರು ಸುಡುವಷ್ಟಿದ್ದರೆ ಊದಿದ ಜಾಗ ಬೆಂದಂತಾಗುತ್ತದೆ. ಅಂಗಡಿಯದೇ ಬೇಕೆಂದರೆ 0.15 ಶೇಕಡಾ ಬೆಂಜೈಡಮೀನ್ ನನ್ನ ಮೊದಲ ಆಯ್ಕೆ, ಏಕೆಂದರೆ ಅದು ನೋವನ್ನೇ ತಗ್ಗಿಸುತ್ತದೆ. 15 ಮಿ.ಲೀ. ತೆಗೆದುಕೊಂಡು ಮುಕ್ಕಳಿಸಿ ಉಗುಳಬೇಕು, ಚುರುಗುಟ್ಟಿದರೆ ಅಷ್ಟೇ ನೀರು ಬೆರೆಸಿ. ಪೊವಿಡೋನ್ ಅಯೋಡಿನ್ ದ್ರಾವಣವನ್ನು ಥೈರಾಯಿಡ್ ತೊಂದರೆ ಇರುವವರು, ಗರ್ಭಿಣಿಯರು ಮುಟ್ಟದಿರುವುದು ಒಳ್ಳೆಯದು. ಕ್ಲೋರ್‌ಹೆಕ್ಸಿಡಿನ್ ವಸಡಿಗೆ ಸರಿ, ಗಂಟಲಿಗೆಂದು ದಿನಗಟ್ಟಲೆ ಬಳಸಿದರೆ ಹಲ್ಲು ಕಂದುಗಟ್ಟುತ್ತದೆ.

ಮಕ್ಕಳ ಲೆಕ್ಕವೇ ಬೇರೆ. ನಾಲ್ಕೈದು ವರ್ಷದೊಳಗಿನವರಿಗೆ ಗಟ್ಟಿ ಗುಳಿಗೆ ಕೊಡಬಾರದು, ಉಸಿರುನಾಳಕ್ಕೆ ಸಿಕ್ಕಿಕೊಳ್ಳುತ್ತದೆ. ಒಂದು ವರ್ಷ ತುಂಬುವವರೆಗೆ ಜೇನು ನೆಕ್ಕಿಸಬಾರದು, ಅದರಲ್ಲಿರಬಹುದಾದ ಬಾಟ್ಯುಲಿನಮ್ ಬ್ಯಾಕ್ಟೀರಿಯಾದ ಬೀಜಕಗಳು ಕೂಸಿನ ಕರುಳಲ್ಲಿ ಬೆಳೆದು ವಿಷ ಕಕ್ಕುತ್ತವೆ. ಆಸ್ಪಿರಿನ್ 16 ವರ್ಷದವರೆಗೆ ಬೇಡ, ರೈ ಸಿಂಡ್ರೋಮ್ ಎಂಬ ಮಿದುಳು, ಪಿತ್ತಜನಕಾಂಗದ ಕಾಯಿಲೆಯ ಭಯವಿದೆ. ಪ್ಯಾರಾಸಿಟಮಾಲನ್ನು ವಯಸ್ಸಿನ ಬದಲು ತೂಕ ನೋಡಿ ಕೊಡಿ: ಕಿಲೋಗೆ 15 ಮಿಲಿಗ್ರಾಂ, ದಿನಕ್ಕೆ ನಾಲ್ಕು ಸಲ ಮೀರದಂತೆ. 12 ಕಿಲೋ ಮಗುವಿಗೆ 180 ಮಿಲಿಗ್ರಾಂ. ಅದು 5 ಮಿ.ಲೀ.ಗೆ 120 ಮಿಲಿಗ್ರಾಂ ಇರುವ ಸಿರಪ್ಪಿನಲ್ಲಿ 7.5 ಮಿ.ಲೀ., 5 ಮಿ.ಲೀ.ಗೆ 250 ಇರುವುದರಲ್ಲಿ 3.6 ಮಿ.ಲೀ., 1 ಮಿ.ಲೀ.ಗೆ 100 ಇರುವ ಡ್ರಾಪ್ಸ್‌ನಲ್ಲಿ ಬರೀ 1.8 ಮಿ.ಲೀ. ಸಿರಪ್ಪಿನ ಅಳತೆಯಲ್ಲೇ ಡ್ರಾಪ್ಸ್ ಕುಡಿಸಿದರೆ 750 ಮಿಲಿಗ್ರಾಂ ಹೋದಂತೆ, ಬೇಕಾದದ್ದಕ್ಕಿಂತ ನಾಲ್ಕು ಪಟ್ಟು. ಬಾಟಲಿ ಬದಲಾದಾಗಲೆಲ್ಲ ಸಾಂದ್ರತೆ ನೋಡಿ. ಅಡುಗೆಮನೆಯ ಚಮಚ ಬಿಟ್ಟು ಸಿರಿಂಜಿನಲ್ಲಿ ಅಳೆಯಿರಿ. ಮೂರು ತಿಂಗಳೊಳಗಿನ ಕೂಸಿಗೆ ಜ್ವರ ಬಂದರೆ ಮನೆಮದ್ದು, ಅಂಗಡಿ ಮದ್ದು ಎರಡೂ ಬೇಡ, ನೇರ ವೈದ್ಯರ ಹತ್ತಿರ.

ಬೆಳಿಗ್ಗೆ ಏಳುವಾಗ ಮಾತ್ರ ನೋವಿದ್ದು ಹಗಲಲ್ಲಿ ಮಾಯವಾಗುವುದಾದರೆ ಗಂಟಲಿನ ಔಷಧಿಯೇ ಬೇಡವಾಗಬಹುದು. ಮೂಗು ಕಟ್ಟಿ ಬಾಯಲ್ಲಿ ಉಸಿರಾಡಿದರೆ ಹೀಗಾಗುತ್ತದೆ, ಮಲಗುವ ಮುಂಚೆ ಮೂಗಿಗೆ ಸಲೈನ್ ಹನಿ ಹಾಕಿ ನೋಡಿ. ಹುಳಿತೇಗು, ಎದೆಯುರಿಯೂ ಇದ್ದರೆ ಹೊಟ್ಟೆಯ ಆಮ್ಲ ಮೇಲೇರಿ ಗಂಟಲನ್ನು ಸುಡುತ್ತಿರಬಹುದು, ಅಂಥವರಿಗೆ ಐಬುಪ್ರೊಫೇನ್ ಕೆಡುಕನ್ನೇ ಹೆಚ್ಚಿಸುತ್ತದೆ.

ಜ್ವರ 38 ಡಿಗ್ರಿ ಸೆಲ್ಸಿಯಸ್ ದಾಟಿ, ಟಾನ್ಸಿಲ್ ಮೇಲೆ ಬಿಳಿ ಕೀವು, ಕತ್ತಿನ ಮುಂದೆ ಮುಟ್ಟಿದರೆ ನೋಯುವ ಗಂಟು ಇದ್ದು, ಕೆಮ್ಮು ಮಾತ್ರ ಇಲ್ಲದಿದ್ದರೆ ಅದು ಸ್ಟ್ರೆಪ್ಟೊಕಾಕಸ್ ಬ್ಯಾಕ್ಟೀರಿಯಾ ಇರಬಹುದು. ಇದನ್ನು ಪರೀಕ್ಷೆ ಮಾಡಿಸಬೇಕು. ಹೃದಯದ ಕವಾಟ ಕೆಡಿಸುವ ರುಮ್ಯಾಟಿಕ್ ಜ್ವರವನ್ನು ಪೆನಿಸಿಲಿನ್ ತಡೆಯುತ್ತದೆ, ನೋವು ಶುರುವಾದ ಒಂಬತ್ತು ದಿನದೊಳಗೆ ಕೊಟ್ಟರೂ ತಡವಲ್ಲ. ಉಗುಳು ನುಂಗಲಾಗದೆ ಜೊಲ್ಲು ಸುರಿಯುವುದು, ಬಾಯಿ ತೆರೆಯಲಾಗದಿರುವುದು, ಬಾಯಲ್ಲಿ ಬಿಸಿ ತುತ್ತು ಇಟ್ಟುಕೊಂಡು ಮಾತಾಡಿದಂಥ ದನಿ, ಉಸಿರೆಳೆಯುವಾಗ ಸದ್ದು ಬಂದರೆ ಆಗಲೇ ಆಸ್ಪತ್ರೆಗೆ ಹೊರಡಿ.

ಥೈರಾಯಿಡ್‌ಗೆ ಕಾರ್ಬಿಮಜೋಲ್, ಕೀಲುವಾತಕ್ಕೆ ಮೆಥೊಟ್ರೆಕ್ಸೇಟ್, ಮಾನಸಿಕ ಕಾಯಿಲೆಗೆ ಕ್ಲೊಜಪೀನ್ ತೆಗೆದುಕೊಳ್ಳುವವರಿಗೆ ಮೇಲಿನ ಯಾವ ಸಲಹೆಯೂ ಅನ್ವಯಿಸದು. ಈ ಔಷಧಿಗಳು ಕೆಲವರಲ್ಲಿ ಬಿಳಿ ರಕ್ತಕಣಗಳನ್ನು ಪಾತಾಳಕ್ಕಿಳಿಸುತ್ತವೆ, ಅದರ ಮೊದಲ ಸುಳಿವು ಎಷ್ಟೋ ಸಲ ಗಂಟಲು ನೋವೇ. ಅಂಗಡಿಯಲ್ಲಿ ಗುಳಿಗೆ ಕೇಳುವ ಮೊದಲು ಅದೇ ದಿನ ವೈದ್ಯರಿಗೆ ಔಷಧಿಯ ಹೆಸರು ಹೇಳಿ, ರಕ್ತಕಣಗಳ ಎಣಿಕೆ ಮಾಡಿಸಿಕೊಳ್ಳಿ.