ಎಡನೀರಿನಲ್ಲಿ ಇಳಿಯುವ ಮೊದಲು

ಗುರುವಾರ ಕಾಸರಗೋಡಿನಿಂದ ಬದಿಯಡ್ಕ ಬಸ್ಸಿನಲ್ಲಿ ಬರುತ್ತಿದ್ದೆ. ಆಟಿಯ ಮಳೆ, ಶಟರ್ ಎಲ್ಲ ಇಳಿಸಿದ್ದರು. ವಿದ್ಯಾನಗರದಲ್ಲಿ ಹತ್ತಿದ ಅವಳು ನನ್ನನ್ನು ಕಂಡು ಪಕ್ಕದಲ್ಲೇ ಬಂದು ಕೂತಳು. ಒಂಬತ್ತನೇ ಕ್ಲಾಸಿನ ತನಕ ಒಂದೇ ಬೆಂಚಿನಲ್ಲಿ ಕೂತವರು ನಾವು.

"ಎಂತ ಮಾರಾಯ್ತಿ, ಕಣ್ಣು ಕೆಂಪಗೆ? ನಿದ್ದೆ ಮಾಡ್ಲಿಲ್ವಾ?"

ಮಾಡಿರಲಿಲ್ಲ. ಹಿಂದಿನ ರಾತ್ರಿ ಕರೆಂಟ್ ಹೋದ ಮೇಲೂ ಮೊಬೈಲ್ ಟಾರ್ಚ್ ಹಿಡಿದು ಒಂದು ಪತ್ತೇದಾರಿ ಕಾದಂಬರಿ ಓದಿ ಮುಗಿಸಿದ್ದೆ. ಅಣ್ಣನ ಮಗಳು ಮಂಗಳೂರಿನಿಂದ ತಂದ ಇಂಗ್ಲಿಷ್ ಪುಸ್ತಕ. ಕೆಲವು ಪುಟ ಮತ್ತೆ ನೋಡೋಣ ಅಂತ ಬ್ಯಾಗಿಗೆ ಹಾಕಿಕೊಂಡಿದ್ದೆ. "ಕಥೆ ಹೇಳು" ಅಂದಳು. ಹೇಳಿದೆ.

1786ರ ಲಂಡನ್. ಬೇಕಲ ಕೋಟೆ ಟಿಪ್ಪುವಿನ ಕೈಯಲ್ಲಿದ್ದ ಕಾಲ. ಅಚ್ಚುಕೂಟದ ಒಬ್ಬ ಹುಡುಗನ ಮೇಲೆ ಯಜಮಾನನನ್ನು ಕೊಂದ ಆರೋಪ. ಶುಕ್ರವಾರ ತೀರ್ಪು, ಸೋಮವಾರ ನ್ಯೂಗೇಟ್ ಜೈಲಿನ ಎದುರು ನೇಣು. ನಡುವೆ ಗೆಳೆಯನೊಬ್ಬ ಓಡುತ್ತಾನೆ, ನಿಜವಾದ ಕೊಲೆಗಾರನನ್ನು ಹುಡುಕಲಿಕ್ಕೆ. ಈ ಅವಸರ ಕಥೆಗೋಸ್ಕರ ಕಟ್ಟಿದ್ದಲ್ಲ. 1752ರಿಂದ ಅಲ್ಲಿ ಕಾನೂನೇ ಹಾಗಿತ್ತು. ಕೊಲೆ ಅಪರಾಧಿಗೆ ತೀರ್ಪಿನ ಮೂರನೇ ದಿನ ನೇಣು. ಆ ದಿನ ಭಾನುವಾರವಾದರೆ ಮಾತ್ರ ಸೋಮವಾರಕ್ಕೆ ಹೋಗುತ್ತಿತ್ತು. ಅಲ್ಲಿಯ ತನಕ ಬರೀ ರೊಟ್ಟಿ, ನೀರು. ಅನುಮತಿ ಇಲ್ಲದೆ ಯಾರೂ ನೋಡಲಿಕ್ಕೆ ಹೋಗುವಂತಿಲ್ಲ. ಹೆಣವನ್ನೂ ಮನೆಯವರಿಗೆ ಕೊಡುತ್ತಿರಲಿಲ್ಲ, ಹೆಚ್ಚಾಗಿ ವೈದ್ಯರಿಗೆ ಕೊಯ್ಯಲು ಕೊಡುತ್ತಿದ್ದರು. ವಕೀಲನಿಗೆ ಸಾಕ್ಷಿಯನ್ನು ಪ್ರಶ್ನೆ ಕೇಳಬಹುದು ಅಷ್ಟೆ, ಆರೋಪಿಯ ಪರವಾಗಿ ಜ್ಯೂರಿಗೆ ಒಂದು ಮಾತು ಹೇಳುವ ಹಕ್ಕು ಬಂದದ್ದು 1836ರಲ್ಲಿ. ಹೆದರಿ ನಡುಗುವ ಹುಡುಗ ತನ್ನ ಮಾತನ್ನು ತಾನೇ ಹೇಳಬೇಕು.

ಗೆಳೆಯ ಹೇಗೋ ಅನುಮತಿ ಪಡೆದು ಜೈಲಿನೊಳಗೆ ಹೋಗುವ ಪುಟವನ್ನೂ ಹೇಳಿದೆ. ಸಿಕ್ಕಿದ ಸ್ವಲ್ಪ ಹೊತ್ತಿನಲ್ಲಿ ಅವನು ಕೇಳುವುದು ಇಷ್ಟೇ: ಆ ರಾತ್ರಿ ಹಿಂದಿನ ಬಾಗಿಲ ಬೀಗದ ಕೈ ಯಾರ ಹತ್ತಿರ ಇತ್ತು?

ಅವಳು ಕೊಡೆಯ ಪಟ್ಟಿಯ ಗುಂಡಿ ಹಾಕುತ್ತಾ ತೆಗೆಯುತ್ತಾ ಇದ್ದಳು. ಕೊಡೆಯ ತುದಿಯಿಂದ ನೀರು ಇಳಿದು ಕಾಲ ಬುಡದಲ್ಲಿ ನಿಂತಿತ್ತು.

"ನೀನಾ ಮಾಡಿದ್ದು ಅಂತ ಅವನು ಕೇಳ್ಲೇ ಇಲ್ವಾ?"

"ಇಲ್ಲ" ಅಂದೆ.

"ಒಂದು ಸಲವೂ?"

"ಒಂದು ಸಲವೂ ಇಲ್ಲ."

ಮತ್ತೆ ಅವಳು ಮಾತಾಡಲಿಲ್ಲ. ಎಡನೀರು ಬಂತು. ಇಳಿದು ಹೋದಳು.

ಮೂರು ದಿನದಿಂದ ಆ ಪ್ರಶ್ನೆ ನನ್ನ ಕಿವಿಯಲ್ಲೇ ಇದೆ. ಅಡಿಗೆ ಮಾಡುವಾಗ, ಬಟ್ಟೆ ಮಡಚುವಾಗ. ಕೇಳ್ಲೇ ಇಲ್ವಾ?

ಶಾಲೆಯ ವಾರ್ಷಿಕೋತ್ಸವದ ಯಕ್ಷಗಾನಕ್ಕೆ ವೇಷದ ಬಾಡಿಗೆ ಅಂತ ನಾವೆಲ್ಲ ಹಣ ಸೇರಿಸಿದ್ದೆವು. ಬಿಸ್ಕೆಟ್ ಡಬ್ಬಿಯಲ್ಲಿ ಹಾಕಿ ಇಟ್ಟುಕೊಂಡದ್ದು ಅವಳು. ಒಂದು ದಿನ ನೋಡಿದರೆ ಡಬ್ಬಿ ಖಾಲಿ. ನಲವತ್ತು ಮಂದಿಯ ಎದುರು ನಿಲ್ಲಿಸಿದರು. "ನಾನಲ್ಲ ಸಾರ್" ಅಂತ ಎರಡು ಸಲ ಹೇಳಿದಳು, ಮೂರನೇ ಸಲ ಸ್ವರ ಬರಲಿಲ್ಲ. ಸಂಜೆ ಗುಡ್ಡೆ ದಾರಿಯಲ್ಲಿ ಇಬ್ಬರೇ ಹೋಗುವಾಗ ನಾನು ಮೆಲ್ಲಗೆ ಕೇಳಿದೆ, "ನಿಜ ಹೇಳು, ನೀನಾ ತೆಗೆದದ್ದು?"

"ನೀನೂ ಕೇಳ್ತೀಯಾ?" ಅಂದಳು. ಅಷ್ಟೇ.

ಬೆದರಿಸಲಿಕ್ಕೆ ಕೇಳಿದ್ದಲ್ಲ. ಅವಳು ಹೌದು ಅಂದಿದ್ದರೂ ಯಾರಿಗೂ ಹೇಳುತ್ತಿರಲಿಲ್ಲ. ಅದೇ ದೊಡ್ಡ ಸ್ನೇಹ ಅಂತ ಆಗ ಅಂದುಕೊಂಡಿದ್ದೆ. ಮರುವರ್ಷ ಅವಳು ಬೇರೆ ಶಾಲೆಗೆ ಸೇರಿದಳು.

ಹಣ ತೆಗೆದದ್ದು ಮಾಸ್ತರರೇ. ವೇಷದವರಿಗೆ ಮುಂಗಡ ಕೊಟ್ಟು ಮರೆತಿದ್ದರು. ನಾಲ್ಕು ತಿಂಗಳ ಮೇಲೆ ಹಾಜರಿ ಪುಸ್ತಕದ ಎಡೆಯಲ್ಲಿ ರಶೀದಿ ಸಿಕ್ಕಿತು. ಒಳ್ಳೆಯ ಮಾಸ್ತರರು, ನನಗೆ ಲೆಕ್ಕ ಬಂದದ್ದು ಅವರಿಂದ. ಮರೆವು ಯಾರಿಗಿಲ್ಲ ಹೇಳಿ. ಆದರೆ ರಶೀದಿ ಸಿಕ್ಕಿದ ದಿನ ಅವಳನ್ನು ಸ್ಟಾಫ್ ರೂಮಿಗೆ ಕರೆದು "ಸಿಕ್ಕಿತು, ಹೋಗು" ಅಂದರಂತೆ. ಕ್ಲಾಸಿನಲ್ಲಿ ಹೇಳಲೇ ಇಲ್ಲ. ಅದನ್ನು ನಾನು ಇವತ್ತಿಗೂ ಒಪ್ಪುವುದಿಲ್ಲ. ಈಗಲೂ ನಮ್ಮ ಬ್ಯಾಚಿನವರಲ್ಲಿ ಕೆಲವರಿಗೆ ಅವಳೆಂದರೆ ಆ ಡಬ್ಬಿಯೇ ನೆನಪು.

ಆದರೆ ನಾನು? ಡಬ್ಬಿಯ ಕಪಾಟಿನ ಬೀಗದ ಕೈ ಇನ್ನು ಯಾರ ಹತ್ತಿರ ಉಂಟು ಅಂತ ನಾನು ಕೇಳಬಹುದಿತ್ತು. ಹದಿನಾಲ್ಕು ವರ್ಷದ ಹುಡುಗಿಗೆ ಅಷ್ಟು ಕೇಳಲಿಕ್ಕೆ ಬರುತ್ತಿತ್ತು. ಕೇಳಿದ್ದರೆ ನೇರ ಮಾಸ್ತರರ ಮೇಜಿಗೆ ಹೋಗಿ ಮುಟ್ಟುತ್ತಿತ್ತು. ಆಮೇಲೆ ಮದುವೆ, ಉಪನಯನ, ಜಾತ್ರೆ ಅಂತ ಎಷ್ಟು ಸಲ ಸಿಕ್ಕಿದ್ದೇವೆ, ಜೊತೆಗೆ ಊಟ ಮಾಡಿದ್ದೇವೆ. ಈ ವಿಷಯ ಇಬ್ಬರೂ ಎತ್ತಲಿಲ್ಲ. ಅವಳು ಮರೆತಿದ್ದಾಳೆ ಅಂದುಕೊಂಡಿದ್ದೆ.

ನಿನ್ನೆ ರಾತ್ರಿ ಅವಳ ಮೆಸೇಜ್ ಬಂತು. "ಕಥೆಯ ಕೊನೆ ನೀನು ಹೇಳ್ಲಿಲ್ಲ. ಬಿಡಿಸಿದನಾ?"

"ಭಾನುವಾರ ಬರ್ತೇನೆ, ಕೂತು ಹೇಳ್ತೇನೆ" ಅಂತ ಬರೆದೆ.

"ಬಾ. ತೋಟದಲ್ಲಿ ಕೆಸುವಿನ ಎಲೆ ಬೇಕಾದಷ್ಟುಂಟು, ಪತ್ರೊಡೆ ಮಾಡ್ತೇನೆ."

ಕಥೆಯ ಕೊನೆಗೂ ಮೊದಲು ಅವಳಿಗೆ ಇನ್ನೊಂದು ಮಾತು ಹೇಳಲಿಕ್ಕುಂಟು ನನಗೆ.